ತುಕ್ಕು ವಿಂಚು ಮತ್ತು ನಾನು ಹೇಳಿದ ಸುಳ್ಳು

ಪೀಣ್ಯದಲ್ಲಿ ನನ್ನ ಕೈಗೆ ಸಿಕ್ಕಿ ಬೇಸ್ತು ಬೀಳದವನು ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಜಂಬಕ್ಕೇ ಹೇಳುತ್ತಿದ್ದೇನೆ. ಟೈಮ್ ಆಫೀಸಿನ ಗುಮಾಸ್ತರು ಮೂರು ದಿನ ಹುಡುಕಿದ ಸೈಕಲ್ಲು ಅವರ ಕಿಟಕಿಯ ಮೇಲಿನ ಸಜ್ಜೆಯಲ್ಲೇ ಕೂತಿತ್ತು. ಕೂರಿಸಿದವನು ನಾನು. ಕ್ಯಾಂಟೀನಿನ ಭಟ್ಟರಿಗೆ "ಇವತ್ತು ಮಂತ್ರಿಗಳು ಊಟಕ್ಕೆ ಬರ್ತಾರಂತೆ" ಎಂದು ಪಿಸುಗುಟ್ಟಿ ಇಡೀ ಶಿಫ್ಟಿಗೆ ಪಾಯಸ ಹಾಕಿಸಿದವನೂ ನಾನೇ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ವಯಸ್ಸು ಮೂವತ್ತು, ಕೈಯಲ್ಲಿ ಕಸುಬು, ಬಾಯಲ್ಲಿ ಸುಳ್ಳು, ಎರಡೂ ಒಂದಕ್ಕಿಂತ ಒಂದು ಚುರುಕು.

ನಮ್ಮ ಕಾರ್ಖಾನೆ ಪೀಣ್ಯದ ಕೈಗಾರಿಕಾ ಎಸ್ಟೇಟಿನ ಕಡೇ ಸಾಲಿನಲ್ಲಿತ್ತು. ಅದರ ಹಿಂದೆ ಚಿಕ್ಕಬಾಣಾವರದ ಕಡೆಗೆ ಹಬ್ಬಿದ ಕಾಡು. ಈಗ ಹೇಳಿದರೆ ನನ್ನ ಮೊಮ್ಮಕ್ಕಳೇ ನಗುತ್ತಾರೆ. ಆದರೆ ಆಗ ಆ ಕಾಡಿನೊಳಗೆ ಹತ್ತು ಹೆಜ್ಜೆ ಇಟ್ಟರೆ ಕಾರ್ಖಾನೆಯ ಸೈರನ್ ಕೂಡ ಬೇರೆ ಊರಿನದು ಅನಿಸುತ್ತಿತ್ತು. ಎಸ್ಟೇಟಿಗೆ ಜಾಗ ಮಾಡಲು ಮರ ಕಡಿಯುವ ಗುತ್ತಿಗೆಯನ್ನು ಯಾರೋ ಇಬ್ಬರು ಪಾಲುದಾರರು ಹಿಡಿದಿದ್ದರಂತೆ. ಅರ್ಧ ಕಾಡು ಕಡಿಯುವಷ್ಟರಲ್ಲಿ ಅವರಿಬ್ಬರಿಗೇ ಜಗಳ ಹತ್ತಿ ಕೋರ್ಟಿಗೆ ಹೋದರು. ತೀರ್ಮಾನವಾಗುವವರೆಗೆ ಯಂತ್ರಗಳನ್ನು ಯಾರೂ ಮುಟ್ಟಬಾರದು ಎಂದು ಕೋರ್ಟು ಹೇಳಿತು. ಆಳುಗಳು ಇದ್ದಲ್ಲೇ ಎಲ್ಲ ಬಿಟ್ಟು ಹೋದರು. ಏಳು ವರ್ಷ ಕಳೆದಿತ್ತು.

ಅಲ್ಲಿ ಒಂದು ಚೈನ್ ಟ್ರ್ಯಾಕ್ಟರ್ ಇತ್ತು, ಅದರ ಪಟ್ಟಿಗಳ ಸಂದಿಯಿಂದ ತೋಳಿನಷ್ಟು ದಪ್ಪದ ಬೇವಿನ ಗಿಡ ಎದ್ದಿತ್ತು. ದಿಮ್ಮಿ ಕುಯ್ಯುವ ಗರಗಸದ ಮೇಜು ಒಂದು ಕಡೆಗೆ ಮಂಡಿಯೂರಿ ಕೂತಿತ್ತು. ಎಲ್ಲಕ್ಕಿಂತ ಒಳಗೆ, ಲಾಂಟಾನ ಪೊದೆಯ ಹೊಟ್ಟೆಯಲ್ಲಿ, ಕಡಿದ ಮರಗಳನ್ನು ಉಕ್ಕಿನ ಹಗ್ಗದಲ್ಲಿ ಎಳೆಯುವ ವಿಂಚು. ಅದರ ಇಂಜಿನ್ನು ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಹೊಗೆ ಕೊಳವೆಯ ಬಾಯಿಗೆ ಯಾರೋ ಪುಣ್ಯಾತ್ಮ ಒಂದು ಡಬ್ಬ ಮಗುಚಿ ಹೋಗಿದ್ದ. ಊಟದ ಬಿಡುವಿನಲ್ಲಿ ಬೀಡಿ ಸೇದಲು ನಾವು ಅಲ್ಲಿಗೆ ಹೋಗುತ್ತಿದ್ದೆವು. ನಾನು ಒಮ್ಮೆ ಅದರ ಇಂಜಿನ್ ತಿರುಗಿಸುವ ಗಾಲಿಗೆ ಎರಡೂ ಕಾಲು ಕೊಟ್ಟು ಒದ್ದಿದ್ದೇನೆ. ಕೂದಲೆಳೆಯಷ್ಟೂ ಅಲುಗಲಿಲ್ಲ. "ಇದು ಸತ್ತು ಮಣ್ಣಾಗಿದೆ ಕಣ್ರೋ" ಎಂದು ನಾನೇ ತೀರ್ಪು ಕೊಟ್ಟಿದ್ದೆ. ನನ್ನ ತೀರ್ಪಿನ ಮೇಲೆ ಅಪೀಲಿರಲಿಲ್ಲ.

ಆ ವರ್ಷ ನಮ್ಮ ವಿಭಾಗಕ್ಕೆ ಒಬ್ಬ ಹೆಲ್ಪರ್ ಬಂದ. ಎಸ್ಟೇಟಿಗೆ ಜಮೀನು ಕಳೆದುಕೊಂಡ ಹಳ್ಳಿಯವನು, ನನ್ನ ವಯಸ್ಸಿನವನೇ. ಜಮೀನು ಹೋದವರ ಮನೆಗೊಂದು ಕೆಲಸ ಅಂತ ತೆಗೆದುಕೊಂಡಿದ್ದರು, ಆದರೆ ತಾತ್ಕಾಲಿಕ. ಎರಡು ತಿಂಗಳಿಗೆ ಟ್ರೇಡ್ ಟೆಸ್ಟ್, ಕಸುಬಿನ ಪರೀಕ್ಷೆ. ಪಾಸಾದರೆ ಖಾಯಂ, ಫೇಲಾದರೆ ಗೇಟಿನ ಆಚೆ. ಗೇಟಿನ ಆಚೆ ಅವನಿಗೆ ಏನೂ ಉಳಿದಿರಲಿಲ್ಲ. ಹೊಲದ ಜಾಗದಲ್ಲಿ ಕಾಂಪೌಂಡು ಎದ್ದಿತ್ತು.

ಒಂದು ದಿನ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತ.

"ಅಣ್ಣೋ, ಆ ಟೆಸ್ಟ್‌ನಾಗೆ ಏನ್ ಕೇಳ್ತಾರೆ? ನಿಮ್ಗೇನಾರ ಗೊತ್ತಾ?"

ದೇವರಾಣೆ, ಅವನು "ಗೊತ್ತಾ" ಎಂದು ಮುಗಿಸುವಷ್ಟರಲ್ಲಿ ನನ್ನ ನಾಲಗೆ ತಯಾರಾಗಿತ್ತು. ಸುತ್ತ ನೋಡಿ ದನಿ ತಗ್ಗಿಸಿದೆ.

"ಯಾರಿಗೂ ಹೇಳಲ್ಲ ತಾನೆ?"

"ನಮ್ಮವ್ವನ ಆಣೆಗೂ ಇಲ್ಲ."

"ಕಾಡಲ್ಲಿ ಆ ವಿಂಚಿದೆಯಲ್ಲ, ಅದೇ ಟೆಸ್ಟು. ಸಾಹೇಬ್ರು ಅಲ್ಲಿಗೇ ಕರ್ಕೊಂಡ್ ಹೋಗ್ತಾರೆ. ಇಂಜಿನ್ ತಿರುಗಿಸಿ ತೋರಿಸು ಅಂತಾರೆ. ತಿರುಗಿದ್ರೆ ಖಾಯಂ."

"ಅದು ತುಕ್ಕಾಗಿ ಇಡ್ಕೊಂಬುಟ್ಟೈತಲ್ಲಣ್ಣ?"

"ಅದಕ್ಕೇ ಟೆಸ್ಟು! ಮೊದಲೇ ಹೋಗಿ ಬಿಡಿಸಿಟ್ಕೋ. ಬೇರೆಯವ್ರು ಅರ ಉಜ್ಜೋದು ನೋಡಿ ಮೋಸ ಹೋಗ್ಬೇಡ, ಬಾಯ್ಬಿಟ್ರೆ ಪ್ರಶ್ನೆ ಬದಲಾಯಿಸ್ತಾರೆ, ನೋಡು ಮತ್ತೆ."

ಅವನು ತಲೆಯಾಡಿಸಿದ. ನಾನು ಕ್ಯಾಂಟೀನಿಗೆ ಹೋಗಿ ನಾಲ್ವರಿಗೆ ಹೇಳಿದೆ. ಹೊಟ್ಟೆ ಹಿಡಿದು ನಕ್ಕೆವು. ಒಂದು ವಾರ ಅವನು ಪೊದೆಯಲ್ಲಿ ಬೆವರು ಸುರಿಸಲಿ, ಸೋಮವಾರ ನಿಜ ಹೇಳಿ ಅವನ ಮುಖ ನೋಡೋಣ ಎಂದು ನನ್ನ ಲೆಕ್ಕಾಚಾರ. ಆದರೆ ಆ ಸೋಮವಾರ ಬೆಳಿಗ್ಗೆಯೇ ಫೋರ್‌ಮನ್ನರು ನನ್ನನ್ನು ಸರ್ಜಾಪುರದ ಕಡೆ ಒಂದು ಗಿರಣಿಗೆ ಮಿಷಿನ್ ಕೂರಿಸಲು ಕಳಿಸಿಬಿಟ್ಟರು. ಹದಿನೈದು ದಿನದ ಕೆಲಸ ಎಂದರು, ಆರು ವಾರ ಹಿಡಿಯಿತು. ಅಲ್ಲಿ ಹೊಸ ಜನ, ಹೊಸ ಬಕರಾಗಳು. ನಾನು ಪೊದೆಯನ್ನೂ ಅವನನ್ನೂ ಮರೆತೆ. ಪೂರ್ತಿ ಮರೆತೆ. ನನ್ನ ಜೀವನದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಸುಳ್ಳು ಹೇಳಿದ್ದಲ್ಲ, ಅದನ್ನು ವಾಪಸು ತೆಗೆದುಕೊಳ್ಳಲು ಮರೆತದ್ದು.

ವಾಪಸು ಬಂದದ್ದು ಒಂದು ಶನಿವಾರ. ಊಟದ ಬಿಡುವಿನಲ್ಲಿ ಹೆಲ್ಪರುಗಳೆಲ್ಲ ಕಬ್ಬಿಣ ಕಚ್ಚಿ ಹಿಡಿಯುವ ವೈಸುಗಳ ಮುಂದೆ ಸಾಲಾಗಿ ನಿಂತು ಅರ ಉಜ್ಜುತ್ತಿದ್ದರು. ಟೆಸ್ಟು ಮಂಗಳವಾರ. ಎರಡು ಕಬ್ಬಿಣದ ತುಂಡುಗಳನ್ನು ಅರದಲ್ಲಿ ಉಜ್ಜಿ ಒಂದರೊಳಗೊಂದು ಕೂರುವಂತೆ ಮಾಡಬೇಕು, ಜೋಡಿಸಿ ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಬಾರದು. ಪ್ರತಿ ವರ್ಷವೂ ಅದೇ ಟೆಸ್ಟು. ಸಾಲಿನಲ್ಲಿ ಅವನೊಬ್ಬ ಇರಲಿಲ್ಲ.

"ಎಲ್ಲಿ ಮಗಾ ಅವನು?" ಎಂದು ಒಬ್ಬನನ್ನು ಕೇಳಿದೆ.

"ಅಯ್ಯೋ ಬಿಡು ಗುರು, ಅವನು ಒಂದ್ ದಿನಾನೂ ಅರ ಮುಟ್ಟಿಲ್ಲ. ಬೆಲ್ ಹೊಡೆದ್ರೆ ಸಾಕು, ಎಣ್ಣೆ ಬಾಟ್ಲಿ ಹಿಡ್ಕೊಂಡು ಹಿಂದಿನ ಗೇಟಿಂದ ಓಡ್ತಾನೆ. ತಲೆ ಸರಿ ಇಲ್ಲ."

ನಾನೇ ಬಂದು ಆಟ ಮುಗಿಸಲಿ ಎಂದು ಆ ನಾಲ್ವರೂ ಬಾಯಿ ಬಿಟ್ಟಿರಲಿಲ್ಲ. ನಗು ಬಾಯಿವರೆಗೆ ಬಂದು ಅಲ್ಲೇ ಹುಳಿಯಾಯಿತು.

ಭಾನುವಾರ ಬೆಳಿಗ್ಗೆ ಬಾಗಲಗುಂಟೆಯ ನನ್ನ ಮನೆಯಿಂದ ನೇರ ಅಲ್ಲಿಗೆ ನಡೆದೆ. ಪೊದೆಯ ಅಂಚಿಗೆ ಬಂದವನು ದಾರಿ ತಪ್ಪಿದೆನೇನೋ ಎಂದುಕೊಂಡೆ. ಮೊದಲು ಬಗ್ಗಿ ನುಗ್ಗಬೇಕಿದ್ದ ಕಡೆ ಎತ್ತಿನಗಾಡಿ ಹೋಗುವಷ್ಟು ಅಗಲಕ್ಕೆ ಲಾಂಟಾನ ಸವರಿ ಎರಡೂ ಬದಿಗೆ ಒಟ್ಟಿದ್ದರು. ನೆಲ ಗುಡಿಸಿದ್ದರು. ವಿಂಚು ಹಗಲು ಬೆಳಕಿನಲ್ಲಿ ನಿಂತಿತ್ತು. ಅದರ ಮೇಲೆ ತುಕ್ಕೇ ಇರಲಿಲ್ಲ! ಕಬ್ಬಿಣ ಎಣ್ಣೆ ಹಚ್ಚಿದ ಎಮ್ಮೆಯ ಮೈಯಂತೆ ಕಪ್ಪಗೆ ಹೊಳೆಯುತ್ತಿತ್ತು. ಅವನು ಇಂಜಿನ್ನಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಅವನ ಹೆಂಡತಿ ಡೀಸೆಲ್ ಡಬ್ಬ ಹಿಡಿದು ನಿಂತಿದ್ದಳು.

"ಬಂದ್ರಾ ಅಣ್ಣ! ಇವಳೇ, ನಾನ್ ಏಳಿರ್ಲಿಲ್ವಾ, ಇವ್ರೇ ಕಣೆ."

ಆಕೆ ಸೆರಗು ಸರಿಮಾಡಿಕೊಂಡು, "ಗುಟ್ಟು ಏಳ್ಕೊಟ್ಟ ಅಣ್ಣಾನಾ? ನಿಮ್ಮಂಥೋರು ಊರಿಗೊಬ್ರಿದ್ರೆ ಸಾಕು" ಎಂದಳು.

ನಾನು ಗಾಲಿ ತೋರಿಸಿ, "ಇದು... ಅಲುಗುತ್ತಾ?" ಎಂದೆ.

ಅವನು ಒಂದು ಬೆರಳಿಟ್ಟು ತಳ್ಳಿದ. ಒಂದೇ ಬೆರಳು. ನಾನು ಎರಡು ಕಾಲು ಕೊಟ್ಟು ಒದ್ದ ಗಾಲಿ ಸುಮ್ಮನೆ ತಿರುಗಿತು.

"ಎಂಗೆ ಬಿಡಿಸ್ದೆ ಅಂದ್ಕೊಂಡ್ರಿ? ಸಿಲಿಂಡರಿಗೆ ದಿನಾ ಸೀಮೆಎಣ್ಣೆ, ಹರಳೆಣ್ಣೆ ಬಿಟ್ಟೆ. ಮೂರು ವಾರ ಏನೂ ಇಲ್ಲ. ಆಮೇಕೆ ಬೆರಣಿ ಕೆಂಡ ಮಾಡಿ ಸುತ್ತ ಮಡಗ್ದೆ, ಬಿಸಿಯಾಗ್ತಿದ್ದಂಗೆ ಮರದ ಕೊಡತೀಲಿ ಮೆತ್ತಗೆ ತಟ್ದೆ. ಒಂದಿನ ಕಟಕ್ ಅಂತು ನೋಡಿ! ಇವಳು ದೆವ್ವ ಬಂತು ಅಂತ ಓಡ್ಬುಟ್ಲು."

"ನಾನೆಲ್ಲೋಡ್ದೆ? ನೀನೇ ಓಡಿದ್ದು."

"ಆದ್ರೆ ಇಂಜಿನ್ನಿಗೆ ಡೀಸೆಲ್ ಕೊಡೋ ಪಂಪು? ಅದು ಪೂರ್ತಿ ಹೋಗಿತ್ತಲ್ಲ?" ನಾನು ಫಿಟ್ಟರ್, ಅಷ್ಟು ಮಾತ್ರ ಕೇಳಲು ಬಂತು.

"ನಮ್ಮ ಬಾವಿ ಪಂಪ್‌ಸೆಟ್‌ದು ತಂದು ಆಕ್ದೆ. ಎರಡೂ ಒಂದೇ ಜಾತಿ ಇಂಜಿನ್ ಅಣ್ಣ. ಬಾವೀನೇ ಓಯ್ತು, ಪಂಪ್‌ಸೆಟ್ ಯಾಕೆ?"

ಅವನು ಪಂಪ್‌ಸೆಟ್ಟಿನ ಇಂಜಿನ್ನಿನ ಜೊತೆ ಬೆಳೆದವನು ಎಂಬುದು ನನಗೆ ಹೊಳೆದೇ ಇರಲಿಲ್ಲ. ಹೆಲ್ಪರ್ ಎಂದರೆ ಪೊರಕೆ ಹಿಡಿಯುವವನು ಎಂದಷ್ಟೇ ನಾವು ನೋಡುತ್ತಿದ್ದೆವು. ನಾನು ಬಾಯಿ ತೆರೆಯುವ ಮೊದಲೇ ಅವನು ಇಂಜಿನ್ನಿನ ಬಿಗಿ ಸಡಿಲಿಸುವ ಲಿವರ್ ಎತ್ತಿ, ಹ್ಯಾಂಡಲ್ ಸಿಕ್ಕಿಸಿ, ಮೈಯೆಲ್ಲ ಬಾಗಿಸಿ ತಿರುಗಿಸತೊಡಗಿದ. ಗಾಲಿ ರಭಸ ಹಿಡಿಯಿತು. ಲಿವರ್ ಬಿಟ್ಟ. ಒಂದು ಕೆಮ್ಮು, ಕರಿ ಹೊಗೆ, ಇನ್ನೊಂದು ಕೆಮ್ಮು. ಆಮೇಲೆ ಧಡ್, ಧಡ್, ಧಡ್ ಎಂದು ಏಳು ವರ್ಷ ಸತ್ತಿದ್ದ ಇಂಜಿನ್ನು ಓಡತೊಡಗಿತು! ಪೊದೆಯಿಂದ ಗುಬ್ಬಿಗಳೆಲ್ಲ ಒಟ್ಟಿಗೆ ಮೇಲೆದ್ದವು. ಕಾಲ ಕೆಳಗಿನ ನೆಲ ನಡುಗುತ್ತಿತ್ತು. ಅವನು ಇಂಜಿನ್ನಿಗೆ ಉರುಳೆಯ ಕೊಕ್ಕೆ ಹಾಕಿದ. ಉಕ್ಕಿನ ಹಗ್ಗ ಸುತ್ತುವ ಉರುಳೆ ನರಳುತ್ತ ತಿರುಗಿತು.

ಅವನು ನನ್ನ ಕಿವಿಯ ಹತ್ತಿರ ಬಂದು ಕೂಗಿದ.

"ಇದೇ ಹಗ್ಗ ಅಣ್ಣ, ನಮ್ಮ ತೋಪಿನ ಮರಗಳನ್ನ ಎಳೆದಿದ್ದು. ಎಂಟು ಹಲಸು, ಆರು ಹುಣಸೆ. ನಾನೂ ನಮ್ಮಪ್ಪನೂ ಅಗೋ ಅಲ್ಲಿ ನಿಂತು ನೋಡಿದ್ವು. ನಮ್ಮಪ್ಪ ಕಡೇ ಹಲಸಿನ ಮರ ತಬ್ಕೊಂಡು ನಿಂತ್ಕೊಂಬುಟ್ಟ. ನಾನೇ ಕೈ ಬಿಡಿಸಿ ಕರ್ಕೊಂಡ್ ಬಂದೆ. ನೀವು ಇದರ ಇಂಜಿನ್ ಬಿಡಿಸ್ಬೇಕು ಅಂದಾಗ ಎಲ್ಡು ರಾತ್ರಿ ನಿದ್ದೆ ಬರ್ಲಿಲ್ಲ. ಆಮೇಕೆ ಅಂದ್ಕೊಂಡೆ, ಮರ ತಿಂದ ಮಿಷಿನ್ನು ಅನ್ನಾನಾದ್ರೂ ಕೊಡ್ಲಿ."

ಊರಿಗೆಲ್ಲ ಬೀಡಿ ಸೇದುವ ಜಾಗ, ನನಗೆ ತಮಾಷೆಯ ಸಾಮಾನು. ಇವನ ಪಾಲಿಗೆ ಅದು ಅಪ್ಪನ ತೋಪು ನುಂಗಿದ ಮಿಷಿನ್ನು. ನಾನು ಆರಿಸಿ ಆರಿಸಿ ಇದನ್ನೇ ಕೊಟ್ಟಿದ್ದೆ.

"ಮಂಗಳವಾರ ಸಾಹೇಬ್ರು ಎಷ್ಟೊತ್ತಿಗೆ ಬತ್ತಾರೆ?" ಎಂದು ಅವನ ಹೆಂಡತಿ ಕೇಳಿದಳು. "ಮಜ್ಜಿಗೆ ಮಾಡ್ಕೊಂಡ್ ಬರಾಣ ಅಂತ."

ಹೇಳಿದೆ. ಹೇಗೆ ಹೇಳಿದೆನೋ ಗೊತ್ತಿಲ್ಲ, ಇಂಜಿನ್ನಿನ ಸದ್ದಿಗೆ ಎರಡು ಸಲ ಕೂಗಿ ಹೇಳಬೇಕಾಯಿತು. ಟೆಸ್ಟು ಇದಲ್ಲ. ಅರ ಉಜ್ಜುವುದು. ನಾನು ತಮಾಷೆಗೆ ಹೇಳಿದ್ದು. ತಮಾಷೆ ಎಂಬ ಮಾತನ್ನು ಕೂಗಿ ಹೇಳಿ ನೋಡಿ, ಅದು ಎಷ್ಟು ಹೊಲಸಾಗಿ ಕೇಳುತ್ತದೆ ಎಂದು ಗೊತ್ತಾಗುತ್ತದೆ.

ಆಕೆ ಡಬ್ಬ ಕೆಳಗಿಟ್ಟಳು. "ಆರು ಭಾನುವಾರ ನಾನು ಕೂಲಿ ಬಿಟ್ಟು ಇಲ್ಲಿಗೆ ಬಂದಿವ್ನಿ. ನಗಾಡಕ್ಕೆ ನಾವೇ ಸಿಕ್ಕಿದ್ವಾ ನಿಮ್ಗೆ? ನಿಮ್ಮನೇಲಿ ಹೆಣ್ಣುಮಕ್ಕಳಿಲ್ವಾ, ಬುದ್ಧಿ ಏಳಕ್ಕೆ?"

"ಅಕ್ಕ, ನಾನು..."

"ಅಕ್ಕ ಅನ್ಬೇಡಿ."

ನಾನು ಇಂಜಿನ್ ನಿಲ್ಲಿಸಲು ಕೈ ಹಾಕಿದಾಗ ಅವನು, "ಬುಡಿ, ಡೀಸೆಲ್ ಇರೋವರ್ಗೂ ಓಡ್ಲಿ" ಎಂದ. ಮೂವರೂ ಅದು ನಿಲ್ಲುವವರೆಗೆ ನಿಂತಿದ್ದೆವು. ಆಗ ನೋಡಿದೆ ಅವನ ಅಂಗೈ. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಚರ್ಮ ಸುಲಿದು ಕೆಂಪು ಮಾಂಸ ಕಾಣುತ್ತಿತ್ತು. ಆ ಕೈಯಲ್ಲಿ ಅವನು ಮಂಗಳವಾರ ಅರ ಹಿಡಿಯಬೇಕಿತ್ತು.

ಸೋಮವಾರ ಸೈರನ್‌ಗೆ ಮೊದಲೇ ಫೋರ್‌ಮನ್ನರ ಮೇಜಿನ ಮುಂದೆ ನಿಂತೆ. ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸುವ ಶಿಸ್ತಿನ ಮನುಷ್ಯ ಅವರು.

"ಏನಯ್ಯಾ, ಇವತ್ತು ಯಾರ ಸೈಕಲ್ನ ಸಜ್ಜೆ ಹತ್ತಿಸಿದೆ?"

"ಸಾರ್, ಈ ಸಲ ಮನುಷ್ಯನ್ನೇ ಹತ್ತಿಸಿಬಿಟ್ಟಿದೀನಿ." ಎಲ್ಲ ಹೇಳಿದೆ. ಇಂಜಿನ್ ಓಡಿದ್ದು, ಕೈ ಸುಲಿದದ್ದು, ಎಲ್ಲ.

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಆ ವಿಂಚು ಓಡ್ತು?"

"ಓಡ್ತು ಸಾರ್."

"ಅದನ್ನ ನೋಡೋಕೆ ನಾನು ಪೊದೆಗೆ ಬರ್ಬೇಕು."

"ಬನ್ನಿ ಸಾರ್, ಈಗಲೇ."

"ಅಲ್ಲಿ ನನ್ನ ತಲೆ ಮೇಲೆ ನೀರು ಸುರಿಯೋಕೆ ಯಾರನ್ನ ಮರ ಹತ್ತಿಸಿದೀಯ? ಹೋಗಯ್ಯಾ, ಕೆಲಸ ನೋಡು."

ನನಗೆ ಸಿಡಿಲು ಹೊಡೆದಂತಾಯಿತು. ಹುಟ್ಟಿದಾಗಿನಿಂದ ಸುಳ್ಳು ಹೇಳಿದರೆ ಊರೆಲ್ಲ ನಂಬುತ್ತಿತ್ತು. ಒಂದೇ ಒಂದು ನಿಜ ಹೇಳಲು ಹೋದರೆ ಒಬ್ಬನೂ ನಂಬಲಿಲ್ಲ. ಕ್ಯಾಂಟೀನಿನ ಆ ನಾಲ್ವರಿಗೆ ಹೇಳಿದೆ. "ಸಕ್ಕತ್ತಾಗಿದೆ ಮಚ್ಚಾ, ಮುಂದೇನು?" ಎಂದು ಕೇಳಿದರು. ಬಿಡುವಿನಲ್ಲಿ ಅವನನ್ನು ವೈಸಿನ ಮುಂದೆ ನಿಲ್ಲಿಸಿ ಅರ ಕೊಟ್ಟೆ. ನಾಲ್ಕು ಸಲ ಉಜ್ಜುವಷ್ಟರಲ್ಲಿ ಹಿಡಿ ಒದ್ದೆಯಾಯಿತು. ಬೆವರಲ್ಲ, ರಕ್ತ.

ಮಂಗಳವಾರ ಪರೀಕ್ಷಕರು ಬಂದರು. ಸಿಟಿಯಿಂದ ಬಂದ, ನಗುವೇ ಗೊತ್ತಿಲ್ಲದ ಒಬ್ಬ ವಯಸ್ಸಾದ ಇಂಜಿನಿಯರು. ಸಾಲಿನಲ್ಲಿ ನಡೆಯುತ್ತ ಅವನ ಮುಂದೆ ನಿಂತರು.

"ಕೈ ತೋರ್ಸು. ಏನಿದು?"

"ಹ್ಯಾಂಡಲ್ ತಿರುಗ್ಸಿ ಆಯ್ತು ಸಾರ್."

"ಯಾವ ಹ್ಯಾಂಡಲ್? ಯಾರು ಹೇಳಿದ್ದು?"

ಅವನು ನನ್ನ ಕಡೆ ನೋಡಿದ. ನಾನು ಕಾದೆ. ಹೆಸರು ಹೇಳಲಿ, ಮುಗಿಯಲಿ ಎಂದು. ಅವನು ತಲೆ ತಗ್ಗಿಸಿ, "ನಾನೇ ಓಗಿದ್ದು ಸಾರ್" ಎಂದ.

ಅಷ್ಟು ಹೊತ್ತಿಗೆ ನಾನು ಮುಂದೆ ಬಂದಾಗಿತ್ತು. ಇಡೀ ಶೆಡ್ಡಿನ ಮುಂದೆ ಹೇಳಿದೆ. ನಾನು ಹೇಳಹೇಳುತ್ತಿದ್ದಂತೆ ಹಿಂದಿನಿಂದ ನಗು ಎದ್ದಿತು. ಇದೂ ನನ್ನ ಒಂದು ಆಟ ಎಂದೇ ಅವರ ಎಣಿಕೆ. ಫೋರ್‌ಮನ್ನರು, "ಸಾರ್, ಇವನು ಹೀಗೇನೆ, ನೀವು ತಲೆ ಕೆಡಿಸ್ಕೋಬೇಡಿ" ಎಂದರು.

ಪರೀಕ್ಷಕರು ನಗಲಿಲ್ಲ. ಆ ಅಂಗೈಯನ್ನೇ ನೋಡುತ್ತಿದ್ದರು. "ಎಷ್ಟು ದೂರ?" ಎಂದು ಕೇಳಿದರು.

ಮೂವತ್ತು ಜನ ಕಾಡಿಗೆ ನಡೆದೆವು. ಬೇರೆಯವರು ನನ್ನ ಬೆನ್ನಿಗೆ ಚಿವುಟುತ್ತಿದ್ದರು. ಸವರಿದ ದಾರಿ ಕಂಡಾಗ ಚಿವುಟುವುದು ನಿಂತಿತು. ಹ್ಯಾಂಡಲ್ ನಾನೇ ಹಿಡಿದೆ, ಅವನ ಕೈಗೆ ಕೊಡಲು ಮನಸ್ಸಾಗಲಿಲ್ಲ. ಪೀಣ್ಯದ ಫಿಟ್ಟರುಗಳಲ್ಲಿ ನಾನೇ ಗಟ್ಟಿಗ ಎಂದು ಹೇಳಿಕೊಂಡು ತಿರುಗಿದವನು, ಮೂರು ಸಲ ತಿರುಗಿಸಿ ಉಸಿರು ಸಿಕ್ಕಿ ಕೂತೆ. ಅವನು ಟವೆಲನ್ನು ಕೈಗೆ ಸುತ್ತಿಕೊಂಡು ಬಂದು, "ಸರೀರಿ ಅಣ್ಣ" ಎಂದ. ಒಂದೇ ಸಲಕ್ಕೆ ಇಂಜಿನ್ ಎಬ್ಬಿಸಿದ.

ಫೋರ್‌ಮನ್ನರು ಕಿರುಚಿದರು. "ಅಯ್ಯಯ್ಯೋ, ಇದು ಕೋರ್ಟಿನ ಮಿಷಿನ್ ಕಣ್ರೋ! ಆಫ್ ಮಾಡಿ, ಆಫ್ ಮಾಡಿ!"

ಪರೀಕ್ಷಕರು ಇಂಜಿನ್ನಿನ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತರು. ಈಗ ಪಾಸು ಅನ್ನುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು. ಅವರು ಹೇಳಿದ್ದೇ ಬೇರೆ.

"ಇದು ನನ್ನ ಪೇಪರ್‌ನಲ್ಲಿಲ್ಲ. ಟೆಸ್ಟು ಅರದ್ದೇ. ಆದ್ರೆ ಗಾಯದ ಕೈಗೆ ನಾನು ಟೆಸ್ಟ್ ಕೊಡಲ್ಲ. ಮೂರು ವಾರ ಬಿಟ್ಟು ಬರ್ತೀನಿ." ನನ್ನ ಕಡೆ ತಿರುಗಿದರು. "ನಿನಗೆ ಅರ ಬರುತ್ತಾ, ಅಥವಾ ಬಾಯಿ ಮಾತ್ರಾನಾ?"

"ಬರುತ್ತೆ ಸಾರ್."

"ಕಲಿಸು."

ನನ್ನ ಕಡತಕ್ಕೆ ಎಚ್ಚರಿಕೆಯ ಪತ್ರ ಬಿತ್ತು, ಬಡ್ತಿ ಒಂದು ವರ್ಷ ಮುಂದಕ್ಕೆ ಹೋಯಿತು. ಅದು ನನಗೆ ತಟ್ಟಲೇ ಇಲ್ಲ. ಅವನ ಕೈಯ ಗಾಯ ಒಣಗಿದ ದಿನದಿಂದ ಪ್ರತಿ ಬಿಡುವಿನಲ್ಲೂ ನಾವಿಬ್ಬರೂ ವೈಸಿನ ಮುಂದೆ. ಅವನು ಒಳ್ಳೆಯ ಶಿಷ್ಯನೇನಲ್ಲ. ಕಬ್ಬಿಣವನ್ನು ಕುಡುಗೋಲು ಮಸೆಯುವಂತೆ ಉಜ್ಜುತ್ತಿದ್ದ, ಮೂಲೆಗಳೆಲ್ಲ ದುಂಡಗಾಗುತ್ತಿದ್ದವು. ನಾನು ಬೈದರೆ ಬೈಸಿಕೊಳ್ಳುತ್ತಿದ್ದ, ನಗಿಸಲು ನೋಡಿದರೆ ಮಾತ್ರ ನಗುತ್ತಿರಲಿಲ್ಲ. ಹದಿನೆಂಟು ತುಂಡು ಹಾಳಾದವು. ಹತ್ತೊಂಬತ್ತನೆಯದನ್ನು ಬೆಳಕಿಗೆ ಹಿಡಿದಾಗ ಒಂದು ಕಡೆ ಮಾತ್ರ ದಾರದಷ್ಟು ಬೆಳಕು. ಅವತ್ತು ಟೆಸ್ಟಿಗೆ ಎರಡು ದಿನ ಇತ್ತು.

ಪರೀಕ್ಷಕರು ಹೇಳಿದ ದಿನಕ್ಕೇ ಬಂದರು. ಅವನೊಬ್ಬನೇ ಒಂದು ವೈಸಿನ ಮುಂದೆ, ನಾವೆಲ್ಲ ನಮ್ಮ ನಮ್ಮ ಕೆಲಸದಲ್ಲಿ ಮಗ್ನರಾದಂತೆ ನಾಟಕ. ನಾಲ್ಕು ಗಂಟೆ ಉಜ್ಜಿದ. ಅವರು ತುಂಡುಗಳನ್ನು ಜೋಡಿಸಿ ಕಿಟಕಿಯ ಕಡೆಗೆ ಎತ್ತಿ ಹಿಡಿದರು, ತಿರುಗಿಸಿದರು, ಮತ್ತೆ ತಿರುಗಿಸಿದರು. ಅವರು ಜೇಬಿನಿಂದ ಪೆನ್ನು ತೆಗೆದು ಏನೋ ಬರೆದು, ತುಂಡನ್ನು ಅವನ ಕೈಗೇ ಕೊಟ್ಟು, "ಇದನ್ನ ಮನೇಲಿ ಇಟ್ಕೋ" ಎಂದರು. ಅಷ್ಟೇ.

ಮರುದಿನ ಕ್ಯಾಂಟೀನಿನಲ್ಲಿ ಅವನು ಖಾಯಮಾದ ಖುಷಿಗೆ ಒಂದು ದೊಡ್ಡ ಪೊಟ್ಟಣ ಬಿಚ್ಚಿದ. ಅವನ ಹೆಂಡತಿ ಮಾಡಿ ಕಳಿಸಿದ ರವೆ ಉಂಡೆ. ಫೋರ್‌ಮನ್ನರಿಗೆ ಎರಡು, ಭಟ್ಟರಿಗೆ ಎರಡು, ಆವತ್ತು ನನ್ನ ಜೊತೆ ನಕ್ಕ ಆ ನಾಲ್ವರಿಗೂ ಒಂದೊಂದು. ನಾನು ಕೈ ಚಾಚಿದೆ.

"ನಿಮ್ಗೆ ಕೊಡ್ಕೂಡ್ದು ಅಂದವ್ಳೆ ನಮ್ಮವ್ಳು," ಎಂದ ಅವನು.

ಅವನು ಕಡೇ ಉಂಡೆಯನ್ನು ಎತ್ತಿ, ನನ್ನ ಚಾಚಿದ ಕೈಯ ಮುಂದೆಯೇ, ನನ್ನ ಕಣ್ಣನ್ನೇ ನೋಡುತ್ತ, ನಿಧಾನವಾಗಿ ಪೂರ್ತಿ ತಿಂದ. ತುಟಿ ಒರೆಸಿಕೊಂಡ. ಆಮೇಲೆ, ನಿಜ ಗೊತ್ತಾದ ಆ ಭಾನುವಾರದಿಂದ ಮೊದಲ ಸಲ, ಹಲ್ಲು ಬಿಟ್ಟು ನಕ್ಕ.